ಮಿಕ್ಕ ಉಲ್ಲನ್ನಿಗೆ ಒಂದು ಕೋಣೆ

ಕೆಲವರ ಬಾಳಿನಲ್ಲಿ ಒಂದರ ಹಿಂದೆ ಒಂದು ಕೋರ್ಟು ಕೇಸು ಬರುತ್ತದೆ, ಕೆಲವರ ಬಾಳಿನಲ್ಲಿ ನೆಂಟರು ಬರುತ್ತಾರೆ. ನನ್ನ ಬಾಳಿನಲ್ಲಿ ಬರುವುದು ಮಿಕ್ಕ ಉಲ್ಲನ್ನಿನ ಪ್ರಸಂಗಗಳು. ನಾನಾಗಿ ಕರೆಯುವುದಿಲ್ಲ. ಕ್ರೋಶಾ ಕಡ್ಡಿ ಹಿಡಿದು ಜಗಲಿಯಲ್ಲಿ ಸುಮ್ಮನೆ ಕೂತಿರುತ್ತೇನೆ, ಅವೇ ಹುಡುಕಿಕೊಂಡು ಬರುತ್ತವೆ.

ಕ್ರೋಶಾ ಹಾಕದ ಓದುಗರಿಗೆ ಮೊದಲೇ ಒಂದು ವಿಷಯ ತಿಳಿಸಿಬಿಡುತ್ತೇನೆ. ಒಂದು ಟೋಪಿ ಹಾಕಿ ಮುಗಿಸಿದಾಗ ನಿಂಬೆಹಣ್ಣಿನಷ್ಟು ಉಲ್ಲನ್ ಮಿಗುತ್ತದೆ. ಅದು ಇನ್ನೊಂದು ಟೋಪಿಗೆ ಸಾಲುವುದಿಲ್ಲ. ಎಸೆಯಲು ಮನಸ್ಸು ಬರುವುದಿಲ್ಲ. "ಇಟ್ಟಿರಲಿ, ಯಾವುದಕ್ಕಾದರೂ ಆಗುತ್ತೆ" ಎಂದು ಡಬ್ಬಿಗೆ ಹಾಕುತ್ತೇವೆ. ಡಬ್ಬಿ ತುಂಬಿದಾಗ ಬುಟ್ಟಿ, ಬುಟ್ಟಿ ತುಂಬಿದಾಗ ಟ್ರಂಕು, ಟ್ರಂಕು ತುಂಬಿದಾಗ ಗಂಡನ ಕಣ್ಣಿಗೆ ಬೀಳುವುದು.

ಗಡುವು

ನಮ್ಮದು ಆಲೂರು ತಾಲ್ಲೂಕಿನ ಪಾಳ್ಯದ ಹತ್ತಿರ ಒಂದು ಸಣ್ಣ ಕಾಫಿ ತೋಟ. ಮನೆಯಲ್ಲಿ ಅಡುಗೆಮನೆಯ ಪಕ್ಕಕ್ಕೆ ಒಂದು ಚಿಕ್ಕ ಕೋಣೆ ಇದೆ. ಅದರಲ್ಲಿ ನನ್ನ ಮಿಕ್ಕ ಉಲ್ಲನ್ ಇದೆ. ಇದ್ದದ್ದೇ ತಪ್ಪಾಯಿತು.

ಹೋದ ವರ್ಷ ನಮ್ಮ ಸ್ಟೋರಿನ ತಗಡು ಸೋರಿ ಕಾಫಿ ಮೂಟೆಗಳಿಗೆ ತೇವ ಹತ್ತಿತು. ಈ ವರ್ಷ ಮಳೆ ಶುರುವಾಗುವ ಹೊತ್ತಿಗೆ ಯಜಮಾನರು ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ.

"ಕುಯ್ಲು ಶುರುವಾಗೋಕೆ ಮುಂಚೆ ಈ ಕೋಣೆ ಖಾಲಿಯಾಗ್ಬೇಕು ಕಣೇ. ಮೂಟೆ ಇಲ್ಲಿ ಇಡ್ತೀನಿ," ಎಂದರು.

"ಆಗದಿದ್ರೆ?"

"ಹಾಸಿಗೆ ಹೊಲಿಯೋನು ಬರ್ತಾನಲ್ಲ, ಅವನಿಗೆ ಕೊಟ್ಟು ಎಲ್ಲಾನೂ ದಿಂಬಿಗೆ ತುಂಬಿಸ್ಬುಡ್ತೀನಿ."

ಯಜಮಾನರು ಕೆಟ್ಟವರಲ್ಲ. ಬೇಡದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಒಂದು ಕಾಯಿಲೆ ಎಂದು ನಂಬಿದವರು, ಅಷ್ಟೆ. ಹಳೇ ಪಂಚೆ, ಹಳೇ ಟಾರ್ಚು, ಹಳೇ ಕ್ಯಾಲೆಂಡರು ಯಾವುದೂ ಅವರ ಕೈಯಲ್ಲಿ ಉಳಿಯುವುದಿಲ್ಲ. ಅವರಿಗೂ ಒಂದು ಹುಚ್ಚು ಇದೆ, ಆದರೆ ಅದನ್ನು ವ್ಯವಸಾಯ ಎಂದು ಕರೆಯುತ್ತಾರೆ. ತೋಟದ ಮೇಲಿನ ಬ್ಲಾಕಿನಲ್ಲಿ ಬೀಜಕ್ಕೆಂದು ಆರಿಸಿಟ್ಟ ಕೆಲವು ಕಾಫಿ ಗಿಡಗಳಿವೆ. ಸುತ್ತಮುತ್ತ ಎಲ್ಲರ ತೋಟಕ್ಕೂ ಹುಳು ಬಿದ್ದಾಗ ಬೀಳದೆ ನಿಂತ ಗಿಡಗಳವು. ವರ್ಷಗಟ್ಟಲೆ ನೋಡಿ ನೋಡಿ ಆರಿಸಿದ್ದು. ಅವುಗಳ ಬೀಜದಿಂದಲೇ ಮುಂದಿನ ತೋಟ ಎಬ್ಬಿಸುವುದು ಎಂದು ಅವರ ಲೆಕ್ಕ. ಅವುಗಳ ಮುಂದೆ ನಿಂತಾಗ ಅವರ ಮುಖದಲ್ಲಿ ಬರುವ ಪ್ರೀತಿಯನ್ನು ನಾನು ನಮ್ಮ ಮದುವೆ ಫೋಟೋದಲ್ಲಿ ಹುಡುಕಿದ್ದೇನೆ.

ಆವತ್ತಿನಿಂದ ನನಗೆ ಸಮಾಧಾನವಿಲ್ಲ. ಸೊಸೈಟಿಯ ಹತ್ತಿರ ಹಾಸಿಗೆಯವನ ಸೈಕಲ್ ಬೆಲ್ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಬೆಲ್ ಹೊಡೆದದ್ದು ಬನ್ ಮಾರುವವನು ಎಂದು ತಿಳಿದ ಮೇಲೂ ಬನ್ ತಿನ್ನಲು ಆಗುತ್ತಿರಲಿಲ್ಲ. ಇನ್ನೊಂದು ದಿಂಬು ಇದೆಯಾ ಎಂದು ಕೇಳಿದ ನೆಂಟರನ್ನು ನಾನು ಅನುಮಾನದಿಂದ ನೋಡತೊಡಗಿದೆ.

ಹೊಗೆ

ಮುಗಿಸುವುದಕ್ಕೆ ಮುಂಚೆ ಉಳಿಸಿಕೊಳ್ಳಬೇಕಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ. ಚಪ್ಪಲಿಗೆ ಹಿಡಿಯುತ್ತದೆ, ಬೆಲ್ಟಿಗೆ ಹಿಡಿಯುತ್ತದೆ, ಒಮ್ಮೆ ಟಿವಿ ರಿಮೋಟಿಗೆ ಹಿಡಿದಿತ್ತು. ಉಲ್ಲನ್ನಿಗೆ ಹಿಡಿದೀತೆಂದು ನನಗೆ ದಿಗಿಲು. ನಮ್ಮ ಅತ್ತೆಯವರ ಕಾಲದಲ್ಲಿ ಬಿತ್ತನೆ ಬೀಜವನ್ನು ಬಚ್ಚಲ ಒಲೆಯ ಮೇಲೆ ತೂಗುಹಾಕುತ್ತಿದ್ದರು. ಹಂಡೆಯ ಬಿಸಿಗೆ ತೇವವೂ ಇಲ್ಲ, ಹುಳವೂ ಇಲ್ಲ. ನಾನೂ ತಿಳಿಬಣ್ಣದ ಉಲ್ಲನ್ನನ್ನೆಲ್ಲ ಚೀಲಕ್ಕೆ ಹಾಕಿ ಅಲ್ಲೇ ತೂಗುಬಿಟ್ಟೆ. ಉಲ್ಲನ್ ಗರಿಗರಿಯಾಗಿ ಉಳಿಯಿತು. ವಾಸನೆಯ ಕಡೆ ನನ್ನ ಗಮನ ಹೋಗಲಿಲ್ಲ. ನಾವೆಲ್ಲ ಅದೇ ಬಚ್ಚಲಲ್ಲಿ ಸ್ನಾನ ಮಾಡುವವರು, ನಮ್ಮ ಮೈಗೆಲ್ಲ ಅದೇ ವಾಸನೆ.

ಆ ಉಲ್ಲನ್ನಿನಲ್ಲಿ ಒಂದು ಮಗುವಿನ ಟೋಪಿ ಹಾಕಿ ಬಾಳ್ಳುಪೇಟೆಯಲ್ಲಿ ನೆಂಟರ ಮನೆಯ ನಾಮಕರಣಕ್ಕೆ ತೆಗೆದುಕೊಂಡು ಹೋದೆ. ಮಗುವಿನ ತಾಯಿ ಖುಷಿಪಟ್ಟು ಆಗಲೇ ಹಾಕಿಬಿಟ್ಟಳು. ಅಲ್ಲಿಂದ ಶುರು.

"ಏನೋ ಸುಟ್ಟ ವಾಸನೆ ಬರ್ತಾ ಐತಲ್ಲ?" ಎಂದರು ಒಬ್ಬರು.

ಗ್ಯಾಸ್ ಆರಿಸಿದರು. ಮೇನ್ ಸ್ವಿಚ್ ತೆಗೆದರು. ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದು, "ನಂದು ಪಾಯಸ ತಳ ಹಿಡಿದಿಲ್ಲ, ಬೇಕಾದ್ರೆ ಬಂದು ನೋಡಿ," ಎಂದು ಯಾರೂ ಕೇಳದೆಯೇ ಜಗಳಕ್ಕೆ ನಿಂತರು. ಹೈವೇಯಲ್ಲಿ ಯಾವುದೋ ಲಾರಿಯ ಬ್ರೇಕ್ ಸುಟ್ಟಿರಬೇಕೆಂದು ಇಬ್ಬರು ಹೋಗಿ ರಸ್ತೆ ನೋಡಿ ಬಂದರು. ಮಗುವನ್ನು ಎತ್ತಿಕೊಂಡವರು ಯಾವ ಕೋಣೆಗೆ ಹೋದರೂ ಬೆಂಕಿ ಆ ಕೋಣೆಯಲ್ಲೇ ಇರುವಂತೆ ತೋರುತ್ತಿತ್ತು.

ನನಗೆ ಗೊತ್ತಾಗಿಹೋಯಿತು. ಬೆವರತೊಡಗಿದೆ. "ಮಗೂಗೆ ಸೆಕೆ ಆಗ್ತಿರ್ಬೇಕು, ಟೋಪಿ ತೆಗೀಲಾ?" ಎಂದೆ. ಹೊರಗೆ ಜಡಿಮಳೆ. ಮಗುವಿನ ತಾಯಿ ನನ್ನನ್ನು ವಿಚಿತ್ರವಾಗಿ ನೋಡಿದಳು.

ಅಷ್ಟರಲ್ಲಿ ಆ ಮನೆಯ ಅಜ್ಜಿ ಮಗುವನ್ನು ಎತ್ತಿಕೊಂಡರು. ನೆತ್ತಿಗೆ ಮುತ್ತಿಟ್ಟರು. ಮೂಸಿದರು. ಮತ್ತೆ ಮೂಸಿದರು. ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಎಂದು ನೆನಪಿಸಿಕೊಳ್ಳುತ್ತಿದ್ದೆ.

"ಅಯ್ಯೋ, ನೀರು ಹಾಕಿದ್ಮೇಲೆ ಮಗೂಗೆ ಹೊಗೆ ಹಾಕಿದ್ದೀಯಲ್ಲವ್ವಾ!" ಎಂದು ಮಗುವಿನ ತಾಯಿಯ ಕೆನ್ನೆ ಸವರಿದರು. "ಈಗಿನ ಹುಡ್ಗೀರು ಇದನ್ನೆಲ್ಲ ಬುಟ್ಟೇಬುಟ್ರು ಅಂದ್ಕೊಂಡಿದ್ದೆ. ಎಷ್ಟು ಚೆನ್ನಾಗಿ ಹಿಡ್ದೈತೆ!"

ಎಲ್ಲರೂ ಸಾಲಾಗಿ ಬಂದು ಮಗುವಿನ ತಲೆ ಮೂಸಿ ತಾಯಿಯನ್ನು ಹೊಗಳಿದರು. ಮುಂದಿನ ವಾರ ಆ ಹುಡುಗಿ ಫೋನ್ ಮಾಡಿದಳು.

"ಆಂಟೀ, ಟೋಪಿ ಒಗೆದುಬಿಟ್ಟೆ, ವಾಸನೆ ಹೊರಟೋಯ್ತು. ಅಜ್ಜಿ ದಿನಾ ಕೇಳ್ತಾರೆ. ಅದೇ ತರದ್ದು ಇನ್ನೊಂದು ಕಳಿಸ್ತೀರಾ?"

ಕಪ್ಪು

ಟೋಪಿಗಳಿಂದ ಕೋಣೆ ಖಾಲಿಯಾಗುವುದಿಲ್ಲ ಎಂದು ಅರಿವಾಯಿತು. ದೊಡ್ಡದೇ ಏನಾದರೂ ಹಾಕಬೇಕು. ತುಂಡು ಉಲ್ಲನ್ನಿನಿಂದ ಸಣ್ಣ ಸಣ್ಣ ಚೌಕ ಹಾಕಿ, ಎಲ್ಲವನ್ನೂ ಸೇರಿಸಿ ಹೊದಿಕೆ ಮಾಡುವುದು ನಮ್ಮಲ್ಲಿ ಹಳೆಯ ಉಪಾಯ. ಹಗಲೆಲ್ಲ ಕೂತು ಚೌಕ ಹಾಕಿದೆ. ಗಡುವಿನ ಭಯಕ್ಕೆ ಬೆರಳು ತಾನಾಗಿ ಓಡುತ್ತಿತ್ತು. ಚೌಕಗಳು ಗುಡ್ಡೆಯಾದವು. ಇನ್ನು ಸೇರಿಸಬೇಕು. ಸೇರಿಸಲು ಎಲ್ಲ ಕಡೆ ಒಂದೇ ಬಣ್ಣ ಬೇಕು, ಕಪ್ಪಾದರೆ ಲಕ್ಷಣ. ನನ್ನ ಕೋಣೆಯಲ್ಲಿ ಇಲ್ಲದ ಬಣ್ಣ ಅದೊಂದೇ.

ಬಾಳ್ಳುಪೇಟೆಯಲ್ಲಿ ಬಳೆ, ಲೇಸು, ಉಲ್ಲನ್ ಮಾರುವ ಒಬ್ಬ ಭಾಯಿ ಇದ್ದಾರೆ. ಅವರ ಅಂಗಡಿಗೆ ಹೋದೆ.

"ಭಾಯಿ, ಕಪ್ಪು ಉಲ್ಲನ್ ಎರಡು ಉಂಡೆ ಕೊಡಿ."

"ಬಿಡಿ ಕೊಡಲ್ಲ ಅಕ್ಕಾ. ಪ್ಯಾಕೆಟ್ಟು."

"ಪ್ಯಾಕೆಟ್ಟು ತಗೊಂಡ್ರೆ ಮಿಗುತ್ತಲ್ಲ ಭಾಯಿ."

"ಮಿಕ್ಕಿದ್ರೆ ಇಟ್ಟಿರಿ ಅಕ್ಕಾ. ಯಾವುದಕ್ಕಾದ್ರೂ ಆಗುತ್ತೆ."

ಈ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದಾಗ ಎಷ್ಟು ಭಯವಾಗುತ್ತದೆ ಎಂದು ನನಗೆ ಮೊದಲ ಸಲ ಗೊತ್ತಾಯಿತು. "ನೋಡಿ ಭಾಯಿ, ಮನೇಲಿ ಮಿಕ್ಕಿರೋ ಉಲ್ಲನ್ ಮುಗಿಸೋಕೆ ಅಂತಾನೇ ನಾನು ಈ ಉಲ್ಲನ್ ತಗೊಳ್ತಾ ಇರೋದು," ಎಂದು ವಿವರಿಸಿದೆ.

ಭಾಯಿ ಪ್ಯಾಕೆಟ್ಟನ್ನು ಪೇಪರಿನಲ್ಲಿ ಸುತ್ತುತ್ತಾ ತಲೆಯಾಡಿಸಿದರು. "ಗೊತ್ತು ಅಕ್ಕಾ. ಹೊಸದು ಹಾಕೋರು ವರ್ಷಕ್ಕೊಂದ್ಸಲ ಬರ್ತಾರೆ. ಮಿಕ್ಕಿದ್ದು ಮುಗಿಸೋರು ವಾರವಾರ ಬರ್ತಾರೆ. ನಮ್ಮ ಅಂಗಡಿ ನಡೀತಿರೋದೇ ಅವರಿಂದ."

ಸಂಘ

ಹೊದಿಕೆ ಮುಗಿಯಿತು. ಕಪ್ಪು ಮಿಕ್ಕಿತು. ಕೋಣೆ ಹಾಗೇ ಇತ್ತು. ಇನ್ನು ದಾನ ಮಾಡುವುದೊಂದೇ ದಾರಿ ಎಂದು ನಮ್ಮೂರಿನ ಮಹಿಳಾ ಸಂಘದ ಸಭೆಯಲ್ಲಿ ಎದ್ದು ನಿಂತೆ. ಮಗಳನ್ನು ದೂರದ ಊರಿಗೆ ಕೊಡುವವರ ಹಾಗೆ, "ನಮ್ಮನೇಲಿ ಒಳ್ಳೊಳ್ಳೆ ಉಲ್ಲನ್ ಐತೆ, ಚೆನ್ನಾಗಿ ನೋಡ್ಕೊಳ್ಳೋರು ಯಾರಾದ್ರೂ ಇದ್ರೆ ಕೊಡ್ತೀನಿ," ಎಂದೆ.

ಎಲ್ಲರೂ ಯೋಚನೆಯಲ್ಲಿ ಬಿದ್ದಂತೆ ಕಂಡರು. ನನಗೆ ಆಸೆ ಚಿಗುರಿತು.

ಮಾರನೆಯ ಬೆಳಿಗ್ಗೆ ಮೊದಲನೆಯವಳು ಬಂದಳು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನಮ್ಮ ಉಲ್ಲನ್ ಒಯ್ಯಲು ಚೀಲ ತಂದಿದ್ದಾಳೆ ಎಂದುಕೊಂಡೆ. ಚೀಲ ತುಂಬಿತ್ತು. ಅವಳ ಹಿಂದೆ ಇನ್ನೊಬ್ಬಳು, ಅವಳ ತಲೆಯ ಮೇಲೆ ಒಂದು ಗೋಣಿ.

"ನೀವು ಹೇಳಿದ್ದು ಒಳ್ಳೇದಾಯ್ತು ನೋಡಿ ಅಕ್ಕಾ," ಎಂದಳು ಗೋಣಿ ಇಳಿಸುತ್ತಾ. "ನಮ್ಮತ್ತೆ ಬಿಟ್ಟುಹೋದ ಉಲ್ಲನ್ ಇದು. ಎಸೆಯೋಕೆ ಮನಸ್ಸು ಬರ್ಲಿಲ್ಲ. ನಿಮ್ಮನೇಲಾದ್ರೆ ಅದಕ್ಕೇ ಅಂತ ಒಂದು ಕೋಣೆ ಐತಲ್ಲ!"

ಅದನ್ನು ಯಜಮಾನರು ಗದ್ದೆಯಿಂದ ಬರುವುದರೊಳಗೆ ನಾನು ಅಕ್ಕಿ ಡ್ರಮ್ಮಿನ ಹಿಂದೆ ಸೇರಿಸಿದೆ. ಒಂದಿಷ್ಟನ್ನು ಡ್ರಮ್ಮಿನ ಒಳಗೂ. ಆ ವಾರ ಅನ್ನದಲ್ಲಿ ಒಂದು ಹಳದಿ ಎಳೆ ಸಿಕ್ಕಿದಾಗ, "ಕೇಸರಿ ಹಾಕಿದ್ದೆ," ಎಂದೆ. ಅವರು ಆ ಎಳೆಯನ್ನು ಎಳೆಯತೊಡಗಿದರು. ಅದು ಮುಗಿಯಲೇ ಇಲ್ಲ.

ಜಿಗಣೆ

ಮಳೆಗಾಲದಲ್ಲಿ ತೋಟಕ್ಕೆ ಇಳಿದರೆ ಜಿಗಣೆ ಕಾಲಿಗೆ ಹತ್ತದೆ ಬಿಡುವುದಿಲ್ಲ. ಅದಕ್ಕೆಂದೇ ಮೊಣಕಾಲಿನವರೆಗೆ ಬರುವ ದಪ್ಪ ಬಟ್ಟೆಯ ಸಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ನಾನೇ ಯಾಕೆ ಉಲ್ಲನ್ನಿನಲ್ಲಿ ಹಾಕಬಾರದು ಎಂದು ನನಗೆ ಹೊಳೆಯಿತು. ಮೊಣಕಾಲುದ್ದದ ಸಾಕ್ಸ್ ಎಂದರೆ ಬಹಳ ಉಲ್ಲನ್ ತಿನ್ನುತ್ತದೆ. ಕೋಣೆಯ ಒಂದು ಮೂಲೆ ಖಾಲಿಯಾದೀತು. ಬಿಳಿ ಮತ್ತು ತಿಳಿನೀಲಿ ಸೇರಿಸಿ ಒಂದು ಜೊತೆ ಹಾಕಿದೆ.

ಯಜಮಾನರು ಅದನ್ನು ಬೆಳಕಿಗೆ ಹಿಡಿದು, ರಂಧ್ರಗಳಲ್ಲಿ ನನ್ನನ್ನು ನೋಡಿ ವಾಪಸ್ ಕೊಟ್ಟರು. ಆದ್ದರಿಂದ ಪಕ್ಕದ ಎಸ್ಟೇಟಿನ ಹಿರಿಯರಿಗೆ ಕೊಟ್ಟೆ. ಅವರು ಯಾರ ಮನಸ್ಸನ್ನೂ ನೋಯಿಸದ ಜೀವ. ಅಂಥವರಿಗೆ ಏನನ್ನಾದರೂ ಕೊಡುವಾಗ ಹತ್ತು ಸಲ ಯೋಚಿಸಬೇಕು, ಬೇಡ ಎನ್ನಲು ಅವರಿಗೆ ಬರುವುದಿಲ್ಲ. ಮಾರನೆಯ ದಿನ ಅವರು ಅದನ್ನೇ ಹಾಕಿಕೊಂಡು, ನಮ್ಮ ಮನೆಯ ಮುಂದೆ ಹಾದು, ನನಗೆ ಕಾಲೆತ್ತಿ ತೋರಿಸಿ ತೋಟಕ್ಕೆ ಹೋದರು.

ಆಮೇಲೆ ನನಗೆ ಕೆಲಸ ಓಡಲಿಲ್ಲ. ರಂಧ್ರಗಳ ನೆನಪಾಗುತ್ತಿತ್ತು. ಜಗಲಿಯಲ್ಲಿ ನಿಂತು ದಾರಿ ನೋಡಿದೆ. ಮಧ್ಯಾಹ್ನ ಅವರು ಬರುವುದು ಕಂಡಿತು. ದೂರದಿಂದ ಸಾಕ್ಸ್ ಚೆನ್ನಾಗಿಯೇ ಕಾಣುತ್ತಿತ್ತು. ಬಿಳಿ, ತಿಳಿನೀಲಿ, ನಡುನಡುವೆ ಕೆಂಪು ಹೂವು. ನಾನು ಕೆಂಪು ಹಾಕಿರಲಿಲ್ಲ.

"ಅಯ್ಯೋ, ಏನಾಯ್ತು!" ಎಂದು ಉಪ್ಪಿನ ಡಬ್ಬಿ ಹಿಡಿದು ಓಡಿದೆ.

"ಏನಾಗಿಲ್ಲ ತಾಯಿ, ಗಾಬರಿ ಆಗ್ಬೇಡಿ," ಎಂದರು ಹಿರಿಯರು ಜಗಲಿಯ ಮೇಲೆ ನಿಧಾನವಾಗಿ ಕೂರುತ್ತಾ. "ಸಾಕ್ಸ್ ಬಹಳ ಚೆನ್ನಾಗೈತೆ. ಅಂಗಡೀದು ಹಾಕಿದ್ರೆ ಪಾಪ ಜಿಗಣೆಗಳು ಹೊರಗೇ ನಿಂತು ವಾಪಸ್ ಹೋಗ್ತಿದ್ವು. ಇದ್ರಲ್ಲಿ ಒಳಗೆ ಬರೋಕೆ ಬಾಗಿಲು ಐತೆ. ಬಂದ್ಮೇಲೆ ಬೆಚ್ಚಗೈತೆ ಅಂತ ಒಂದೂ ಎದ್ದು ಹೋಗಿಲ್ಲ."

ಕೆಂಪು

ಮಳೆ ಬಿಟ್ಟಿತು. ಕಾಯಿ ಬಣ್ಣ ತಿರುಗತೊಡಗಿತು. ಕುಯ್ಲು ಹತ್ತಿರ ಬಂತು ಎಂದರೆ ದಿಂಬು ಹತ್ತಿರ ಬಂತು. ಕೋಣೆ ನಾನು ಶುರುಮಾಡಿದಾಗ ಇದ್ದದ್ದಕ್ಕಿಂತ ತುಂಬಿತ್ತು.

ಇಷ್ಟರಲ್ಲಿ ಬೋರರ್ ನೋಡುವ ಕೆಲಸ ಬಂತು. ಬೋರರ್ ಎಂದರೆ ಕಾಫಿ ಗಿಡದ ಕಾಂಡ ಕೊರೆಯುವ ಹುಳು. ಅದು ಹೊಕ್ಕ ಗಿಡವನ್ನು ಕಿತ್ತು ಸುಡದಿದ್ದರೆ ಪಕ್ಕದ ಗಿಡಕ್ಕೂ ಹೋಗುತ್ತದೆ. ಮೊದಲು ಹೆಂಗಸರು ಸಾಲು ಹಿಡಿದು ಒಂದೊಂದೇ ಕಾಂಡ ನೋಡಿ, ಹುಳು ಇರುವ ಗಿಡಕ್ಕೆ ಗುರುತು ಕಟ್ಟುತ್ತಾರೆ. ಆಮೇಲೆ ಮೇಸ್ತ್ರಿ ಗಂಡಾಳುಗಳನ್ನು ಕರೆದುಕೊಂಡು ಬಂದು ಗುರುತು ಇರುವ ಗಿಡಗಳನ್ನು ಕೀಳಿಸುತ್ತಾನೆ. ಗುರುತಿಗೆ ನಮ್ಮಲ್ಲಿ ಯಾವತ್ತೂ ಹಳೇ ಪಂಚೆಯ ಚಿಂದಿ.

ಬೆಳಿಗ್ಗೆ ಹೆಂಗಸರು ಹಿತ್ತಿಲಿಗೆ ಬಂದು, "ಅಮ್ಮಾ, ಕಟ್ಟೋಕೆ ಚಿಂದಿ ಕೊಡಿ," ಎಂದರು. ಮನೆಯೆಲ್ಲ ಹುಡುಕಿದೆ. ಬೇಡದ್ದನ್ನು ಇಟ್ಟುಕೊಳ್ಳದ ಯಜಮಾನರು ಒಂದು ಹಳೇ ಪಂಚೆಯನ್ನೂ ಉಳಿಸಿರಲಿಲ್ಲ. ಉಟ್ಟಿದ್ದು ಬಿಟ್ಟರೆ ಬೇರೆ ಇರಲಿಲ್ಲ, ಅದನ್ನು ಉಟ್ಟುಕೊಂಡು ಅವರು ಕೆಳಗಿನ ಗದ್ದೆಯಲ್ಲಿದ್ದರು.

ನನ್ನ ಎದೆ ಹೊಡೆದುಕೊಂಡಿತು, ಈ ಸಲ ಸಂತೋಷಕ್ಕೆ. ಕೋಣೆಗೆ ಓಡಿ ಕುಂಕುಮ ಕೆಂಪಿನ ಚೀಲ ತಂದೆ. ಅರ್ಧಕ್ಕೆ ಬಿಟ್ಟ ಒಂದು ಶಾಲಿನದು, ಬೇಕಾದಷ್ಟಿತ್ತು. "ಇದನ್ನ ಕಟ್ಟಿ. ಹಸಿರಿನ ಮಧ್ಯೆ ಚೆನ್ನಾಗಿ ಕಾಣುತ್ತೆ."

"ಇಷ್ಟು ಒಳ್ಳೇ ಉಲ್ಲನ್ನ ಸುಡೋ ಗಿಡಕ್ಕಾ ಅಮ್ಮಾ?" ಎಂದಳು ಒಬ್ಬಳು. "ನನ್ನ ಜಡೆಗಾದ್ರೂ ಕಟ್ಕೋತೀನಿ." ಕಟ್ಟಿಕೊಂಡಳು ಕೂಡ. ಸಂಜೆಯ ಹೊತ್ತಿಗೆ ಚೀಲ ಖಾಲಿ. ಖಾಲಿ ಚೀಲವನ್ನು ನಾನು ಎರಡು ಸಲ ಒಳಗೆ ಹೊರಗೆ ಮಾಡಿ ನೋಡಿದೆ. ನನ್ನ ಜೀವನದಲ್ಲಿ ಅಂಥದ್ದು ಆಗಿರಲಿಲ್ಲ.

ಯಜಮಾನರಿಗೆ ಹೇಳಲಿಲ್ಲ. ಕೋಣೆ ಖಾಲಿಯಾದ ಮೇಲೆ ಒಟ್ಟಿಗೆ ತೋರಿಸೋಣವೆಂದು ಇತ್ತು.

ಗಿಡ ಕೀಳುವ ದಿನ ಅವರು ಹಾಸನದಲ್ಲಿ ಒಂದು ಮದುವೆಗೆ ಹೊರಟರು. ಹೋಗುವಾಗ ಮೇಸ್ತ್ರಿಗೆ, "ಗುರುತು ಕಟ್ಟಿರೋದನ್ನೆಲ್ಲ ಕಿತ್ತು ಬೆಂಕಿ ಹಾಕ್ಬುಡು. ಒಂದೂ ಬಿಡ್ಬೇಡ," ಎಂದರು. ಪ್ರತಿ ವರ್ಷ ಹೇಳುವ ಮಾತೇ.

ನಾನು ಆಳುಗಳಿಗೆ ಕಾಫಿ ತೆಗೆದುಕೊಂಡು ಮೇಲಿನ ಬ್ಲಾಕಿಗೆ ಹೋದೆ. ಕಾಫಿ ಒಂದು ನೆಪ. ಕೊನೆಗೂ ಯಾವುದಕ್ಕೋ ಆದ ನನ್ನ ಉಲ್ಲನ್ನನ್ನು ಕಣ್ತುಂಬ ನೋಡಬೇಕಿತ್ತು. ಹಸಿರಿನ ನಡುವೆ ಅಲ್ಲಲ್ಲಿ ಕೆಂಪು, ಎಷ್ಟು ಚೆಂದ! ಮುಂದಿನ ಸಾಲಿನಲ್ಲಿ ಒಬ್ಬ ಆಳು ಒಂದು ಗಿಡದ ಬುಡಕ್ಕೆ ಗುದ್ದಲಿ ಎತ್ತಿದ್ದ. ಆ ಗಿಡದ ಕೆಂಪಿನ ಮೇಲೆ ನನ್ನ ಕಣ್ಣು ನಿಂತಿತು.

ಅದು ಕುಂಕುಮ ಕೆಂಪಲ್ಲ, ಟೊಮೇಟೊ ಕೆಂಪು.

"ನಿಲ್ಲಿಸೋ!" ಎಂದು ಕಿರುಚಿದೆ. ಕಾಫಿ ಚೆಲ್ಲಿತು. ಆಳು ಹಾವು ಬಂತೆಂದು ಗುದ್ದಲಿ ಬಿಟ್ಟು ಓಡಿದ. ಅವನು ಓಡಿದ್ದು ನೋಡಿ ಆನೆ ಬಂತೆಂದು ಉಳಿದವರೂ ಓಡಿದರು. ಕೊನೆಗೆ ಗಿಡದ ಹತ್ತಿರ ನಾನು ಮತ್ತು ಮೇಸ್ತ್ರಿ ಇಬ್ಬರೇ ಉಳಿದೆವು.

"ಏನಾಯ್ತಮ್ಮಾರೇ?"

"ಇದು ನಾನು ಕೊಟ್ಟ ಕೆಂಪಲ್ಲ ಮೇಸ್ತ್ರಿ."

ಮೇಸ್ತ್ರಿ ಗಿಡ ನೋಡಿದ. ಪಕ್ಕದ ಗಿಡ ನೋಡಿದ. ನನ್ನನ್ನು ನೋಡಿದ. "ಕೆಂಪು ಕೆಂಪೇ ಅಲ್ವೇನಮ್ಮಾ?"

ಅಲ್ಲ. ಟೊಮೇಟೊ ಕೆಂಪು ನನ್ನ ತಂಗಿಯ ಮಗನ ಸ್ವೆಟರಿನಲ್ಲಿ ಮಿಕ್ಕಿದ್ದು. ನಾನು ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಅದು ಟ್ರಂಕಿನ ತಳದಲ್ಲಿರಬೇಕಿತ್ತು. ಗಿಡ ನೋಡಿದರೆ ರೆಂಬೆ ಬಾಗುವಷ್ಟು ಕಾಯಿ, ಕಾಂಡ ನುಣ್ಣಗೆ, ಒಂದು ತೂತಿಲ್ಲ. ಗಂಟು ನೋಡಿದೆ. ಕಾಫಿ ಮೂಟೆಯ ಬಾಯಿಗೆ ಹಾಕುವ ಗಂಟು. ಆ ಗಂಟನ್ನು ಹಾಗೆ ಎಡಕ್ಕೆ ತಿರುಗಿಸಿ ಹಾಕುವವರು ನಮ್ಮ ಮನೆಯಲ್ಲಿ ಒಬ್ಬರೇ. ನಾನು ನಿಂತಿದ್ದ ಜಾಗ ಯಾವುದೆಂದು ಆಗ ತಲೆಗೆ ಹೋಯಿತು. ಸುತ್ತ ನೋಡಿದೆ. ಬೀಜದ ಗಿಡಗಳ ಮೇಲೆಲ್ಲ ಟೊಮೇಟೊ ಕೆಂಪು. ಎಲ್ಲಕ್ಕೂ ಅದೇ ಗಂಟು.

ಹಾಸನಕ್ಕೆ ಫೋನ್ ಮಾಡಿದೆ. ಹಿಂದೆ ವಾಲಗ ಕಿವಿ ಒಡೆಯುವಂತೆ ಕೇಳುತ್ತಿತ್ತು.

"ಏನ್ರೀ, ನೀವು ನನ್ನ ಟೊಮೇಟೊ ಕೆಂಪು ತಗೊಂಡಿದ್ರಾ?"

"ಏನು ಟೊಮೇಟೊ? ಊಟ ಇನ್ನೂ ಹಾಕಿಲ್ಲ ಇಲ್ಲಿ!"

"ಉಲ್ಲನ್ ರೀ! ಟ್ರಂಕಿನಲ್ಲಿದ್ದ ಉಲ್ಲನ್!"

ಬಹಳ ಘನತೆಯ ಧ್ವನಿ ಬಂತು. "ನಿನ್ನ ಉಲ್ಲನ್ ನಾನ್ಯಾಕೆ ಮುಟ್ಟಲಿ? ನನಗೇನು ಬೇರೆ ಕೆಲಸ ಇಲ್ವಾ?"

"ಮುಟ್ಟಿಲ್ವಾ?"

"ಇಲ್ಲ ಅಂದ್ನಲ್ಲ."

"ಸರಿ ಹಾಗಾದ್ರೆ. ಮೇಸ್ತ್ರಿಗೆ ಕೀಳು ಅಂತ ಹೇಳ್ತೀನಿ."

"ಏನು ಕೀಳೋದು?"

"ಗುರುತಿರೋ ಗಿಡ. ಈ ಸಲ ಬೋರರ್ ಗಿಡಕ್ಕೆ ಚಿಂದಿ ಸಿಗಲಿಲ್ಲ, ಕೆಂಪು ಉಲ್ಲನ್ ಕಟ್ಸಿದ್ದೀನಿ. ಕೆಂಪು ಇರೋದನ್ನೆಲ್ಲ ಕೀಳ್ತಾ ಇದ್ದಾರೆ. ಮೇಲಿನ ಬ್ಲಾಕಿಗೆ ಬಂದಿದ್ದಾರೆ."

"ಬೇಡಾ!" ಎಂದು ಅವರು ಕೂಗಿದ್ದಕ್ಕೂ ಅಲ್ಲಿ ಮಾಂಗಲ್ಯ ಮುಗಿದು ವಾಲಗ ನಿಂತದ್ದಕ್ಕೂ ಸರಿಹೋಯಿತು. ವಾಲಗ ನಿಂತದ್ದು ಅವರಿಗೆ ಗೊತ್ತಾಗಲಿಲ್ಲ. "ನಾನೇ ಕಣೇ! ನಾನೇ ಕದ್ದಿದ್ದು! ಟ್ರಂಕು ತೆಗೆದು ನಾನೇ ಕದ್ದಿದ್ದು!"

ಕೂಗು ಇಡೀ ಛತ್ರಕ್ಕೆ ಮುಟ್ಟಿತು. ಫೋನಿನಲ್ಲಿ ಯಾರೋ ಹಿರಿಯರ ಧ್ವನಿ ಕೇಳಿತು. "ಏನ್ ಕದ್ದೆ ಮಾರಾಯಾ?"

ಮುಂದಿನದನ್ನು ನಾನು ಕೇಳಿಸಿಕೊಳ್ಳಲಿಲ್ಲ, ನನಗೆ ಕೆಲಸವಿತ್ತು. ಓಡಿಹೋದವರನ್ನೆಲ್ಲ ಕರೆಸಿ, ನಾನು ಮುಂದೆ, ಗುದ್ದಲಿಗಳು ಹಿಂದೆ. "ಇದು ಕುಂಕುಮ, ಕೀಳಿ. ಇದು ಟೊಮೇಟೊ, ಬಿಡಿ. ಇದು ಕುಂಕುಮ." ಮೇಸ್ತ್ರಿ ಪ್ರತಿ ಗಿಡದ ಹತ್ತಿರವೂ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, "ನನಗೇನೂ ಕಾಣಕಿಲ್ಲ ಕಣಮ್ಮಾ," ಎನ್ನುತ್ತಾ ಬಂದ. ಜಡೆಗೆ ಕಟ್ಟಿಕೊಂಡಿದ್ದವಳು ಮಾತ್ರ ಅವತ್ತು ನನ್ನ ಹತ್ತಿರ ಸುಳಿಯಲಿಲ್ಲ. ಅವಳದು ಕುಂಕುಮ.

ಸಂಜೆ ಯಜಮಾನರು ಬಸ್ಸಿಳಿದು ಮನೆಗೆ ಬರಲಿಲ್ಲ, ನೇರ ಮೇಲಿನ ಬ್ಲಾಕಿಗೆ ಹೋದರು. ಕತ್ತಲಾಗುವ ಮುಂಚೆ ಬಂದು ಜಗಲಿಯಲ್ಲಿ ಕೂತರು. ಮದುವೆಮನೆಯ ಲಾಡಿನ ಪೊಟ್ಟಣ ಕೈಯಲ್ಲೇ ಇತ್ತು.

"ಎಲ್ಲ ಉಳ್ಕೊಂಡಿದ್ದಾವೆ," ಎಂದರು.

"ಹೂಂ."

"ಕುಯ್ಯೋ ಹೆಂಗಸರು ಬೀಜದ ಹಣ್ಣು ಬಿಡಿಸ್ಬಾರ್ದು ಅಂತ ಕಟ್ಟಿದ್ದೆ."

"ಹೂಂ."

ಸ್ವಲ್ಪ ಹೊತ್ತು ಲಾಡಿನ ಪೊಟ್ಟಣದ ದಾರ ಬಿಚ್ಚಿದರು. "ಆ ಕೋಣೆ... ಇರ್ಲಿ ಬಿಡು," ಎಂದರು.

ಮೂಟೆಗಳಿಗೆಂದು ಸ್ಟೋರಿನ ತಗಡಿಗೆ ತೇಪೆ ಹಾಕಿಸಿದರು. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ನಾನು ಹೇಳಲಿಲ್ಲ. ಹೇಳದೆ ಇದ್ದದ್ದು ಅವರಿಗೆ ಕೇಳಿಸಿತು.

ಆದರೆ ಒಂದು ವಿಷಯ ಉಳಿಯಿತು. ಬೀಜದ ಗಿಡಗಳಿಗೆ ಇನ್ನು ಕೆಂಪು ಬೇಡ, ನೀಲಿ ಕಟ್ಟಬೇಕು ಎಂದರು. "ನನ್ನ ಹತ್ರ ನೀಲಿ ಐತೆ. ಯಾವುದು ಬೇಕು? ಆಕಾಶ ನೀಲಿನಾ, ನವಿಲು ನೀಲಿನಾ, ಪೆನ್ನಿನ ನೀಲಿನಾ?" ಎಂದೆ. ಅವರ ಮುಖ ಬಿಳಿಚಿಕೊಂಡಿತು. "ನಿನ್ನ ನೀಲಿ ಸಹವಾಸವೇ ಬೇಡ," ಎಂದು ತಾವೇ ಬಾಳ್ಳುಪೇಟೆಗೆ ಹೋಗಿ ಭಾಯಿಯ ಅಂಗಡಿಯಿಂದ ನೀಲಿ ತಂದರು. ಹೋಗಿ ಗಿಡಗಳಿಗೆ ಕಟ್ಟಿ ಬಂದರು.

ಆಮೇಲೆ ನಾನು ನೋಡುತ್ತೇನೆ, ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ. ಕೈಯಲ್ಲಿ ಒಂದು ಪ್ಯಾಕೆಟ್. ಮೇಲಿನ ಉಂಡೆ ಮಾತ್ರ ಸ್ವಲ್ಪ ಬಿಚ್ಚಿತ್ತು.

"ಭಾಯಿ ಬಿಡಿ ಕೊಡಲ್ವಂತೆ," ಎಂದರು. "ಎಸೆಯೋಕೆ ಒಂಥರಾ ಆಗುತ್ತೆ. ಇಟ್ಟಿರು, ಯಾವುದಕ್ಕಾದ್ರೂ ಆಗುತ್ತೆ."

ನಾನು ಮುಖ ಗಂಭೀರವಾಗಿಟ್ಟುಕೊಂಡು ಪ್ಯಾಕೆಟ್ ತೆಗೆದುಕೊಂಡು ನೀಲಿಗಳ ಬುಟ್ಟಿಗೆ ಕೈ ಹಾಕಿದೆ.

"ಅಲ್ಲಲ್ಲ," ಎಂದು ಒಳಗೇ ಬಂದುಬಿಟ್ಟರು. "ನಿಂದ್ರ ಜೊತೆ ಸೇರಿಸ್ಬೇಡ ಕಣೇ. ನಂದಕ್ಕೆ ಬೇರೆ ಡಬ್ಬಿ ಕೊಡು."